ಚೆಲುವಯ್ಯನವರ ಮೀಸೆ ಮತ್ತು ಸಹಾಯಧನದ ಕಂತು

ಇಂದ,
ಚೆಲುವಯ್ಯ, ರೈತರು (ಸದ್ಯಕ್ಕೆ ಮೀಸೆರಹಿತರು),
ಅಂತರಸಂತೆ ಹತ್ತಿರ, ಎಚ್.ಡಿ. ಕೋಟೆ ತಾಲ್ಲೂಕು.
(ಅರ್ಜಿದಾರರಿಗೆ ಸಿಟ್ಟು ಬಂದರೆ ಮಾತು ತೊದಲುವ ಕಾರಣ, ಅವರ ಪರವಾಗಿ ಬರೆದವರು: ಬಸವಪ್ರಸಾದ್, ಟೈಪಿಂಗ್ ಅಂಗಡಿ, ಹ್ಯಾಂಡ್‌ಪೋಸ್ಟ್.)

ಗೆ,
ಮಾನ್ಯ ಅಧಿಕಾರಿಗಳು,
ರೈತ ಸಹಾಯಧನ ವಿಭಾಗ.

ವಿಷಯ: ಮುಖ ಇದ್ದೂ ಮುಖ ಹೊಂದಾಣಿಕೆಯಾಗದ ಬಗ್ಗೆ, ಹಾಗೂ ಇತರೆ.

ಉಲ್ಲೇಖ: 1) ತಮ್ಮ ಮೊಬೈಲ್ ಸಂದೇಶ. 2) ಪುಟ್ಟಮಾದಮ್ಮನವರ ಹರಕೆ (ಮೌಖಿಕ).

ಮಾನ್ಯರೇ,

ಸದರಿ ಚೆಲುವಯ್ಯನವರ ಗೋಳು ಈ ಕೆಳಕಂಡಂತಿದೆ:

1. ಸಹಾಯಧನದ ಕಂತು ಬಾರದೆ, ರಾಗಿ ಬಿತ್ತನೆಗೆ ಗೊಬ್ಬರ ತರಲಾಗದೆ, ಚೆಲುವಯ್ಯನವರು ಕಚೇರಿಗೆ ಅಲೆದು ಚಪ್ಪಲಿ ಸವೆಸಿರುತ್ತಾರೆ. ಇದನ್ನು ನೋಡಲಾರದೆ ಧರ್ಮಪತ್ನಿ ಪುಟ್ಟಮಾದಮ್ಮನವರು, "ಕಂತು ಬರ್ಲಿ ನಮ್ಮಪ್ಪ ಮಾದಪ್ಪ, ನಮ್ಮನೆಯವ್ರ ತಲೆಗೂದ್ಲು ಮೀಸೆ ಎಲ್ಡೂವೆ ನಿಂಗೆ" ಎಂದು ಹರಕೆ ಹೊತ್ತಿರುತ್ತಾರೆ. ಮೀಸೆಯ ಮಾಲೀಕರನ್ನು ಕೇಳಿರುವುದಿಲ್ಲ. ಹರಕೆ ಹೊರುವವರು ಒಬ್ಬರು, ಬೋಳಿಸಿಕೊಳ್ಳುವವರು ಇನ್ನೊಬ್ಬರು ಎಂಬುದು ನಮ್ಮ ಕಡೆಯ ವಾಡಿಕೆ.

2. ಅದೇ ವಾರ, "ಕಂತು ಮಂಜೂರಾಗಿದೆ, ಮುಖ ದೃಢೀಕರಣ ಮಾಡಿಸಿ" ಎಂಬ ಸಂದೇಶ ಬಂದಿರುತ್ತದೆ. ಪುಟ್ಟಮಾದಮ್ಮನವರು ಮೊದಲರ್ಧ ಮಾತ್ರ ಓದಿಸಿಕೊಂಡು ಗಂಡನನ್ನು ಬಸ್ಸು ಹತ್ತಿಸಿರುತ್ತಾರೆ. "ದುಡ್ಡು ಕೈಗೆ ಬರ್ಲಿ ತಡಿಯಮ್ಮಿ" ಎಂದಿದ್ದಕ್ಕೆ, "ದೇವ್ರ ಬಾಕಿ ಮಡಿಕಬಾರ್ದು, ನಡೀರಿ" ಎಂದಿರುತ್ತಾರೆ. ಆದ್ದರಿಂದ ಮದುವೆಗೆ ಮುಂಚಿನಿಂದ ಎಣ್ಣೆ ಸವರಿ ಸಾಕಿದ ಮೀಸೆಯು ತಲೆಗೂದಲ ಸಮೇತ ಮಾದಪ್ಪನ ಬೆಟ್ಟದಲ್ಲಿ ಸಮರ್ಪಣೆಯಾಗಿರುತ್ತದೆ.

3. ವಾಪಸು ಬಂದು ಸೇವಾ ಕೇಂದ್ರದ ಮೊಬೈಲಿಗೆ ಮುಖ ಒಡ್ಡಿದರೆ, ಅದು ಇವರನ್ನು ಚೆಲುವಯ್ಯ ಎಂದು ಒಪ್ಪಿರುವುದಿಲ್ಲ. ಕಣ್ಣು ಮಿಟುಕಿಸಿದರೂ ಇಲ್ಲ. ಕೇಂದ್ರದ ರಮ್ಯಾ ಎಂಬ ಹುಡುಗಿ ಕಾಡಿಗೆಯಲ್ಲಿ ಮೀಸೆ ಬರೆದರೂ ಇಲ್ಲ. "ಮೀಸೆ ಬೆಳೆಸ್ಕಂಡು ಬನ್ನಿ ಅಣ್ಣ" ಎಂದಿರುತ್ತಾಳೆ. ಆದರೆ ತಿಂಗಳ ಕೊನೆಗೆ ದೃಢೀಕರಣದ ವಾಯಿದೆ ಮುಗಿಯುತ್ತದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು ಊರವರು ಆಡಿಕೊಳ್ಳೋಣವೆಂದರೆ ಜುಟ್ಟೂ ಇಲ್ಲ. ಚೆಲುವಯ್ಯನವರಿಗೆ ನಿಜಕ್ಕೂ ನೋವಾಗಿದೆ. ಮನೆಯ ನಾಯಿಯಾದರೂ ಒಂದು ಸಲ ಬೊಗಳಿ, ಮೂಸಿ ನೋಡಿ ಒಳಗೆ ಬಿಟ್ಟಿತು. ಸರ್ಕಾರ ಅಷ್ಟೂ ಮಾಡಲಿಲ್ಲ.

4. ಮೇಲ್ಕಂಡ ಕಾರಣ, ಹೊಲದ ಹದ ಆರುವ ಮುನ್ನ ಹಣ ಬರಲೆಂದು ಪುಟ್ಟಮಾದಮ್ಮನವರು ಎರಡನೇ ಹರಕೆ ಹೊತ್ತಿರುತ್ತಾರೆ. ಮನೆಯಲ್ಲಿ ಬೋಳಿಸಲು ಏನೂ ಉಳಿದಿಲ್ಲದ ಕಾರಣ, ಈ ಸಲ ಮಾನ್ಯ ಅಧಿಕಾರಿಗಳಾದ ತಮ್ಮ ತಲೆಗೂದಲು ಹಾಗೂ ಮೀಸೆಯನ್ನು ಮಾದಪ್ಪನಿಗೆ ಒಪ್ಪಿಸಿರುತ್ತಾರೆ. "ಅಯ್ಯೋ, ಸಾಹೇಬ್ರ ಮೀಸೆ ಕಣಮ್ಮಿ!" ಎಂದು ಚೆಲುವಯ್ಯನವರು ಬಾಯಿ ಬಡಿದುಕೊಂಡರೂ, "ಬೆಳಕತ್ತದೆ ಬುಡಿ" ಎಂದಿರುತ್ತಾರೆ.

ಆದ್ದರಿಂದ, ತಾವು ಖುದ್ದು ಮುಖ ನೋಡಿ ಕಂತು ಬಿಡುಗಡೆ ಮಾಡಬೇಕೆಂದೂ, ಹಣ ಜಮೆಯಾದ ನಂತರದ ಸೋಮವಾರ, ಬೆಟ್ಟಕ್ಕೆ ಹೋಗುವ ಬೆಳಗಿನ ಬಸ್ಸಿಗೆ ಹ್ಯಾಂಡ್‌ಪೋಸ್ಟ್ ಬಸ್ ನಿಲ್ದಾಣದಲ್ಲಿ ತಲೆಸಮೇತ ಹಾಜರಿರಬೇಕೆಂದೂ ಕೋರಲಾಗಿದೆ. ಕ್ಷೌರದ ಖರ್ಚು ಅರ್ಜಿದಾರರದು. ಮೀಸೆ ಉಳಿಸಿಕೊಳ್ಳುವ ಸಲುವಾಗಿ ಕಂತನ್ನು ತಡೆಹಿಡಿಯಬಾರದೆಂದು ವಿಶೇಷ ವಿನಂತಿ.

ತಮ್ಮ ವಿಶ್ವಾಸಿ (ತಾವು ಗುರುತು ಹಿಡಿದರೆ),
ಚೆಲುವಯ್ಯ

ಅಡಕಗಳು:
1) ಮೀಸೆ ಇದ್ದಾಗಿನ ಫೋಟೋ.
2) ಅದೇ ಮನುಷ್ಯ.
3) ಮುಡಿ ಕೊಟ್ಟ ಚೀಟಿ.
4) ಮಾದಪ್ಪನ ಪ್ರಸಾದ.

ವಿ.ಸೂ.: ತಮ್ಮ ಕಚೇರಿಯಲ್ಲೂ ಹಾಜರಾತಿಗೆ ಮೊಬೈಲಿಗೇ ಮುಖ ತೋರಿಸಬೇಕೆಂದು ತಿಳಿದುಬಂದಿದೆ. ಕಾರಣ, ಬೆಟ್ಟಕ್ಕೆ ಹೊರಡುವ ಮುನ್ನ ತಾವು ಮೀಸೆ ಬೆಳೆಯುವವರೆಗೆ ರಜೆ ಹಾಕಿಕೊಳ್ಳುವುದು.