ಊದ್ರಿ, ಇನ್ನೂ ಊದ್ರಿ

ನಮ್ಮ ಕೋಣೆಗೆ ಬಂದವರಲ್ಲಿ ದಿನಕ್ಕೊಬ್ಬರಾದರೂ ನನ್ನನ್ನು ನಗಿಸಿಯೇ ಹೋಗುತ್ತಾರೆ. ನಗುವಂಥ ಕಾಯಿಲೆ ಒಂದೂ ಇಲ್ಲಿಗೆ ಬರುವುದಿಲ್ಲ, ಅದು ಬೇರೆ ಮಾತು. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಹೃದಯ, ಶ್ವಾಸಕೋಶದ ಪರೀಕ್ಷೆಗಳನ್ನು ಮಾಡುವವಳು ನಾನು. ಇಸಿಜಿಗಾದರೆ ನನಗೆ ಮಾತೇ ಬೇಕಿಲ್ಲ. ಉಸಿರಿನ ಪರೀಕ್ಷೆಗೆ ಮಾತ್ರ ಗಂಟಲು ಹರಿದುಕೊಳ್ಳಬೇಕು. ರೋಗಿ ಬಾಯಲ್ಲಿ ಕೊಳವೆ ಇಟ್ಟುಕೊಂಡು, ಎದೆ ತುಂಬ ಉಸಿರೆಳೆದು, ಆರು ಸೆಕೆಂಡು ಬಿಡದೆ ಊದಬೇಕು. ನಾನು ಪಕ್ಕದಲ್ಲಿ ನಿಂತು, "ಊದ್ರಿ, ಊದ್ರಿ, ಇನ್ನೂ, ಇನ್ನೂ, ಬಿಡಬ್ಯಾಡ್ರಿ!" ಎಂದು ಕೂಗಬೇಕು. ಒಮ್ಮೆ ಬಾಗಿಲು ತೆಗೆದರೆ, ಹೊರಗೆ ಕಾಯುತ್ತಿದ್ದ ಆನಗೋಡಿನ ಹೆಂಗಸೊಬ್ಬಳು ಕೈ ಮುಗಿದು ಕೇಳಿದಳು, "ಗಂಡೋ ಹೆಣ್ಣೋ, ಸಿಸ್ಟರ್?"

೧. ಗಂಡನಿಗೆ ಪಾಠ

ಹರಿಹರದಿಂದ ಒಬ್ಬ ಯಜಮಾನರು ಕೆಮ್ಮು ಅಂತ ಬಂದರು. ದಾವಣಗೆರೆಯಲ್ಲಿ ಮಂಡಕ್ಕಿ ಮೂಟೆ ಸಾಗಿಸುವ ಆಟೊ ಓಡಿಸಿದವರು, ದಿನಕ್ಕೊಂದು ಕಟ್ಟು ಬೀಡಿ. ಜೊತೆಯಲ್ಲಿದ್ದ ಹೆಂಡತಿ, ನನ್ನ ಬಾಯಲ್ಲಿ ಅಕ್ಕ, ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ನಿಂತು ಹುರಿದಾಕೆ. ಯಜಮಾನರು ಮೂರೇ ಸೆಕೆಂಡಿಗೆ ಕೊಳವೆ ಕೆಳಗಿಟ್ಟು, "ಆಗಲ್ರಿ ಸಿಸ್ಟರ್" ಅಂದರು. ಎರಡನೇ ಸಲವೂ ಅಷ್ಟೇ.

ಅಕ್ಕನಿಗೆ ಸಿಟ್ಟು ಬಂತು. ಗಂಡನ ಜೊತೆ ಆಕೆಯದು ಮಾಮೂಲಿಗೆ ಬರ್ರಿ ಹೋಗ್ರಿ. ಸಿಟ್ಟು ಬಂದರೆ ಬಾರೋ ಹೋಗೋ.

"ಏ ಮಾರಾಯಾ! ಬೀಡಿ ಎಳಿಯಾಕೆ ದಮ್ಮು ಐತೆ, ಊದಾಕೆ ಇಲ್ಲೇನೋ? ಒಲೆ ಆರ್ತೈತೆ ಅಂತ ತಿಳ್ಕಂಡು ಊದೋ!"

ಯಜಮಾನರು ಆರೂ ಸೆಕೆಂಡು ಊದಿದರು. ಬೀಡಿ ಸೇದಿದ ಎದೆಯಾದರೂ ಪರವಾಗಿಲ್ಲ ಅನ್ನುವ ಹಾಗಿತ್ತು. ಬೆವರು ಒರೆಸಿಕೊಂಡು, "ಹೇಳೋದು ಸುಲಭ. ನೀನು ಊದು ನೋಡಾನ" ಅಂದರು. ಅಕ್ಕ ನನ್ನತ್ತ ಕೈ ಚಾಚಿದರು. ನಾನೂ ತಮಾಷೆಗೆ ಹೊಸ ಕೊಳವೆ ಹಾಕಿ ಕೊಟ್ಟೆ. ಎರಡು ಸೆಕೆಂಡು ಊದುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಯಜಮಾನರು ಚಪ್ಪಾಳೆ ತಟ್ಟಿದರು, ನಾನು ನಕ್ಕೆ. ಆಮೇಲೆ ಪರದೆ ನೋಡಿದೆ. ಗಂಡನ ಅರ್ಧದಷ್ಟೂ ಉಸಿರು ಆಕೆಗಿರಲಿಲ್ಲ. ಇನ್ನೊಮ್ಮೆ ಊದಿಸಿದೆ, ಅದೇ ಬಂತು. ನಕ್ಕಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

"ನಿಮ್ಮ ಮಿಷನ್ ಕೆಟ್ಟೈತೆ ಬಿಡ್ರಿ," ಅಂದರು ಅಕ್ಕ. "ಬೀಡಿ ಸೇದಿದ್ದು ಇವ್ರು, ಹೊಗಿ ನನ್ನೊಳಗೆ ತೋರಿಸ್ತೈತೆ!"

೨. ಆರು ನಿಮಿಷ ಮೌನ

ಡಾಕ್ಟರು ಅಕ್ಕನಿಗೆ ನಡಿಗೆಯ ಪರೀಕ್ಷೆ ಬರೆದರು. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿಕೊಂಡು, ಕಾರಿಡಾರಿನಲ್ಲಿ ಆರು ನಿಮಿಷ ಆ ಕಡೆಯಿಂದ ಈ ಕಡೆಗೆ ನಡೆಯಬೇಕು, ಮಾತಾಡಬಾರದು. ಎರಡನೇ ಸುತ್ತಿಗೇ ಅಕ್ಕ ಬೆಂಚಿನ ಮೇಲಿದ್ದಾಕೆಯನ್ನು, "ಯಾವೂರಮ್ಮ?" ಎಂದು ಕೇಳಿದರು.

"ಲೋಕಿಕೆರೆ."

"ಅಕ್ಕಾ, ಮಾತಾಡಬಾರ್ದು," ಅಂದೆ.

"ಮಾತಾಡ್ಸಿದ್ರೆ ಸುಮ್ನಿರಾಕೆ ಆಗ್ತೈತಾ?"

"ಮಾತಾಡ್ಸಿದ್ದು ನೀವಲ್ವಾ?"

ನಾಲ್ಕನೇ ನಿಮಿಷಕ್ಕೆ ತಾವಾಗಿಯೇ ಸುಮ್ಮನಾದರು. ತುಟಿ ನೀಲಿಗೆ ತಿರುಗಿತ್ತು. ಗೋಡೆ ಹಿಡಿದು ನಿಂತವರನ್ನು ಕುರ್ಚಿ ಎಳೆದು ಕೂರಿಸಿದೆ. ಯಜಮಾನರು ಎದುರಿಗೆ ಕುಕ್ಕರಗಾಲಲ್ಲಿ ಕೂತು ಫೈಲಿನಿಂದ ಗಾಳಿ ಹಾಕಿದರು. ಆಕೆಯ ಉಸಿರು ಹದಕ್ಕೆ ಬಂದ ಮೇಲೆ ತಲೆಯೆತ್ತಿ, "ಸಿಸ್ಟರ್, ಲಗ್ನ ಆದಾಗಿಂದ ಇಕಿ ಇಷ್ಟೊತ್ತು ಸುಮ್ನಿದ್ದಿದ್ದು ಇವತ್ತೇ" ಅಂದರು. ಬೆಂಚಿನವರೆಲ್ಲ ನಕ್ಕರು. ಅವರು ಮಾತ್ರ ಗಾಳಿ ಹಾಕುವುದನ್ನು ನಿಲ್ಲಿಸಲಿಲ್ಲ.

೩. ಉದ್ದನೆಯ ನಳಿಗೆ

ಅಕ್ಕನಿಗಾಗಿ ಮನೆಗೆ ಆಕ್ಸಿಜನ್ ಮಿಷನ್ ಬಂತು. ಅದರ ಹತ್ತಿರ ಬೆಂಕಿ ಕಡ್ಡಿ ಗೀರಬಾರದು. ಮುಂದಿನ ಸಲ ಬಂದಾಗ, ಯಜಮಾನರ ಬೀಡಿ ಏನಾಯಿತು ಎಂದು ಕೇಳಿದೆ.

"ನಲವತ್ತು ವರ್ಷ ಬೈದ್ರೂ ಬಿಡ್ಲಿಲ್ಲ," ಅಂದರು ಅಕ್ಕ. "ಈ ಡಬ್ಬಿ ಬಂದ ದಿನ ಬಿಟ್ರು. ಡಬ್ಬಿಗಿರೋ ಮರ್ಯಾದಿ ನನಗಿಲ್ಲ ನೋಡ್ರಿ."

ಮೂಗಿನ ನಳಿಗೆ ನಡುಮನೆ ಮುಟ್ಟುತ್ತಿತ್ತಂತೆ, ಬಾಗಿಲಾಚೆಯ ಜಗಲಿ ಮುಟ್ಟುತ್ತಿರಲಿಲ್ಲ. ಯಜಮಾನರು ಅಂಗಡಿ ಅಂಗಡಿ ಅಲೆದು ಉದ್ದನೆಯದು ತಂದಿದ್ದರು. "ಎದುರು ಮನೆಯಾಕಿ ಜೊತೆ ಇಕಿ ಜಗಳ ನಿಂತೋಗಿತ್ತು ಸಿಸ್ಟರ್. ಓಣಿಯೆಲ್ಲ ಭಣಭಣ ಅಂತಿತ್ತು."

ಹೊರಡುವಾಗ ಅಕ್ಕ ನನ್ನ ಕೈ ಹಿಡಿದುಕೊಂಡರು. "ವರ್ಷಕ್ಕೊಂದ್ಸಲ ಇವ್ರನ್ನ ತಪ್ಪದೆ ಊದಿಸ್ರಿ. ನಾನಿಲ್ದಿದ್ರೆ ಮೂರಕ್ಕೇ ಬಿಟ್ಟುಬಿಡ್ತಾರೆ." ಆಗಲಿ ಅಂದೆ.

೪. ಬೈಗುಳ

ವರ್ಷ ತುಂಬಿದ ಮೇಲೆ ಯಜಮಾನರು ಒಬ್ಬರೇ ಬಂದರು. "ದೀಪಾವಳಿಗೆ ಮುಂಚೆ ಹೋದ್ಲು," ಅಂದರು. "ಬಾಯಿ ಕೊನಿವರೆಗೂ ಜೋರೇ ಇತ್ತು."

ನಾನು ತಲೆ ತಗ್ಗಿಸಿಕೊಂಡು ಕೊಳವೆ ಹಾಕಿದೆ. ಊದಿದರು, ಮೂರು ಸೆಕೆಂಡು. ಮತ್ತೆ ಮೂರು. "ಊದ್ರಿ" ಅನ್ನುವ ನನ್ನ ದನಿಯೂ ಮೇಲೇಳುತ್ತಿರಲಿಲ್ಲ. ಅವರು ಕೊಳವೆ ಕೆಳಗಿಟ್ಟರು.

"ಹಂಗಲ್ಲ ಸಿಸ್ಟರ್. ಬೈರಿ."

"ಹೆಂಗೆ ಬೈಲಿ?"

"ಅಕಿ ಬೈದಂಗೆ."

ನನ್ನ ಅಪ್ಪನ ವಯಸ್ಸಿನವರು. ಆದರೆ ಅಕ್ಕನಿಗೆ ಮಾತು ಕೊಟ್ಟಿದ್ದೆ. ಕಣ್ಣು ಮುಚ್ಚಿಕೊಂಡು ಕಿರುಚಿದೆ:

"ಏ ಮಾರಾಯಾ! ಬೀಡಿ ಎಳಿಯಾಕೆ ದಮ್ಮು ಐತೆ, ಊದಾಕೆ ಇಲ್ಲೇನೋ? ಒಲೆ ಆರ್ತೈತೆ, ಊದೋ!"

ಊದಿದರು. ಮೂರು ದಾಟಿತು, ನಾಲ್ಕು, ಐದು, ಆರು. ಕಣ್ಣೀರು ಕೆನ್ನೆ ಮೇಲಿಂದ ಕೊಳವೆಗೆ ಇಳಿಯುತ್ತಿದ್ದರೂ ಬಿಡಲಿಲ್ಲ. ನಾನೂ ಅಳುತ್ತಲೇ "ಊದೋ, ಊದೋ" ಎಂದು ಕೂಗುತ್ತಿದ್ದೆ. ಕೊಳವೆ ತೆಗೆದಾಗ ನೋಡಿದರೆ ಬಾಗಿಲು ತೆರೆದಿತ್ತು. ಕಾರಿಡಾರಿನ ಮಂದಿಯೆಲ್ಲ ಅಲ್ಲಿ ನಿಂತಿದ್ದರು, ಮುಂದೆ ನಮ್ಮ ಡಾಕ್ಟರು.

"ಏನ್ರಿ ಇದು? ಪೇಶೆಂಟ್ ಜೊತೆ ಹಿಂಗಾ ಮಾತಾಡೋದು?"

ಯಜಮಾನರು ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತರು.

"ಬ್ಯಾಡ್ರಿ ಸಾರ್, ಸಿಸ್ಟರ್‌ಗೆ ಏನೂ ಅನ್ಬ್ಯಾಡ್ರಿ. ಇನ್ನೂ ಸರಿಯಾಗಿ ಬೈಯಾಕೆ ಬರಲ್ಲ ಅವ್ರಿಗೆ. ಮುಂದಿನ ವರ್ಷ ನಾನು ಬರೋದ್ರೊಳಗೆ ಕಲ್ತಿರ್ತಾರೆ."