ಅಂಟು ಒಣಗುವ ತನಕ

ಬಡಗಿ: ಅಂಟು ಹಾಕಿದ ಕುರ್ಚಿ ಮೇಲೆ ಮಾರನೇ ದಿನಾನೇ ಯಾರಾದ್ರೂ ಕೂರ್ತಾರಾ? ನೀವು ನೋಡಿದ್ರೆ ನನ್ನ ನಡೆಸ್ತೀನಿ ಅಂತೀರಿ.

ಥೆರಪಿಸ್ಟ್: ನಿಮ್ಮ ಸೊಂಟಕ್ಕೆ ಹಾಕಿರೋದು ಅಂಟಲ್ಲ ಯಜಮಾನ್ರೇ. ಸ್ಟೀಲ್ ರಾಡು, ಸ್ಕ್ರೂ.

ಬಡಗಿ: ಸ್ಕ್ರೂ ತಿರುಗಿಸಿದ್ದು ಬೆಳಿಗ್ಗೆ ಬಂದಿದ್ರಲ್ಲ, ಆ ಡಾಕ್ಟ್ರೇ ತಾನೇ? ಅವರ ಷರ್ಟಿನ ಗುಂಡೀನೇ ಒಂದು ತೂತು ತಪ್ಪಿತ್ತು.

ಆಪರೇಷನ್ ಆದವರನ್ನು ನಡೆಸಲು ಬರುವ ಥೆರಪಿಸ್ಟ್ ಹುಡುಗಿ ಆಸ್ಪತ್ರೆಯ ಈ ಮಂಚದ ಪಕ್ಕ ನಿಂತು ಮುಕ್ಕಾಲು ಗಂಟೆಯಾಗಿತ್ತು. ಎಪ್ಪತ್ತೆಂಟರ ಈ ಮಹಾನುಭಾವ ಸೊಂಟ ಮುರಿದುಕೊಂಡದ್ದು ತಾನೇ ಮಾಡಿದ ಸ್ಟೂಲಿನಿಂದ ಬಿದ್ದು. ಆ ಮಾತನ್ನು ಮಾತ್ರ ಯಾರೂ ಎತ್ತುವಂತಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಎತ್ತಿದಳು.

ಬಡಗಿ: ಸ್ಟೂಲ್ ಅಲುಗಲಿಲ್ಲ ಕಣೆ. ನಾನು ಅಲುಗಿದೆ.

ಹೆಂಡತಿ: ಹೌದು, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀವು ನೆಲಾನೂ ಬಿಟ್ಟು ಸ್ಟೂಲಿಗೇ ಸರ್ಟಿಫಿಕೇಟ್ ಕೊಡ್ತಿದೀರಿ.

ಮಲಗಿದಷ್ಟೂ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ, ಈ ವಯಸ್ಸಿನಲ್ಲಿ ಹಾಸಿಗೆ ಹಿಡಿದವರು ಮತ್ತೆ ಏಳುವುದು ಕಷ್ಟ ಎಂದು ಹುಡುಗಿ ಮೂರನೇ ಸಲ ವಿವರಿಸಿದಳು. ಬಡಗಿ ಗಂಭೀರವಾಗಿ ಕೇಳಿ, ನಾಳೆ ನೋಡೋಣ ಎಂದ. ಅವನಿಗೆ ಹೆದರಿಕೆ ಎಂಬುದು ಹುಡುಗಿಗೆ ಗೊತ್ತಾಗಿತ್ತು.

ಹೆಂಡತಿ: ಈ ನಾಳೆನ ನಾನು ನಲವತ್ತಾರು ವರ್ಷದಿಂದ ನೋಡ್ತಾ ಇದೀನಿ. ಅಡುಗೆಮನೆ ಕಪಾಟಿಗೆ ಇನ್ನೂ ಬಾಗಿಲು ಬಂದಿಲ್ಲ.

ಹುಡುಗಿ ಸೋತು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಳು. ತಿರುಗಿ ಬರುವಷ್ಟರಲ್ಲಿ ಹೆಂಡತಿ ಮೂಲೆಯಲ್ಲಿದ್ದ ವಾಕರನ್ನು ಮಂಚದ ಪಕ್ಕಕ್ಕೆ ತಂದು ಒಂದು ಸಲ ಅಲುಗಿಸಿದ್ದಳು. ಟಕ್ ಎಂದಿತು. ಇನ್ನೊಂದು ಸಲ ಅಲುಗಿಸಿದಳು.

ಬಡಗಿ: ಅದರ ಕಾಲು ಗಿಡ್ಡ.

ಹೆಂಡತಿ: ನಾಲ್ಕೂ ಸಮ ಇದೆ. ಮಲಗಿದೋರ ಕಣ್ಣಿಗೆ ಎಲ್ಲಾ ಡೊಂಕೇ.

ಬಡಗಿ: ಐವತ್ತು ವರ್ಷ ಕುರ್ಚಿಗೆ ಕಾಲು ಕೂರಿಸಿದವನಿಗೆ ಹೇಳ್ತೀಯಾ? ಎಬ್ಬಿಸಮ್ಮ ನನ್ನ.

ಹುಡುಗಿ ಅವನ ನಡುವಿಗೆ ಆಸರೆಯ ಪಟ್ಟಿ ಬಿಗಿದು, ಅದನ್ನು ಹಿಡಿದು ಕೂರಿಸಿದಳು, ಕಾಲು ಇಳಿಸಿದಳು. ಅವನು ಹಲ್ಲು ಕಚ್ಚಿ ಎದ್ದು, ವಾಕರಿನ ಮೇಲೆ ಭಾರ ಬಿಟ್ಟು, ತಲೆ ಓರೆ ಮಾಡಿ ಆಲಿಸಿದ. ಇಲ್ಲಿ ಬೆಳಕು ಸಾಲದು ಎಂದು ಗೊಣಗುತ್ತ ಕಿಟಕಿಯವರೆಗೆ ಮೂರು ಹೆಜ್ಜೆ ಇಟ್ಟ. ಹುಡುಗಿ ಪಟ್ಟಿ ಬಿಡದೆ, ಉಸಿರೂ ಬಿಡದೆ ಜೊತೆಗೆ ಹೋದಳು.

ಬಡಗಿ: ಎಡಗಡೆ ಹಿಂದಿನ ಕಾಲು. ಅರ್ಧ ಅಂಗುಲ ಗಿಡ್ಡ. ಅಂದ್ರೆ ಅಡಿಯ ರಬ್ಬರ್ ಟೋಪಿ ಇಲ್ಲ, ಯಾರೋ ಕಿತ್ತಿದಾರೆ.

ಆಮೇಲೆ ತಾನೆಲ್ಲಿ ನಿಂತಿದ್ದೇನೆಂದು ಅವನಿಗೆ ಹೊಳೆಯಿತು. ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಅವಳ ಬಲಗೈ ಮುಷ್ಟಿ ಬಿಗಿಯಾಗಿತ್ತು, ಕಣ್ಣು ಒದ್ದೆಯಾಗಿತ್ತು.

ಬಡಗಿ: ಮುಷ್ಟಿ ಬಿಚ್ಚು.

ಹೆಂಡತಿ: ಹಾಸಿಗೆ ತನಕ ವಾಪಸ್ ನಡ್ಕೊಂಡು ಬನ್ನಿ, ಬಿಚ್ತೀನಿ.