ಪ್ರತಿ ಜೊತೆಗೊಂದು ಅಂಟಿನ ಟ್ಯೂಬು

ಇನ್ನು ಹತ್ತು ದಿನದಲ್ಲಿ ಎದುರಿನ ಗಾಜಿನ ಮುಂಭಾಗದ ಶೂ ಅಂಗಡಿಯವನ ಗಿರಾಕಿಗಳನ್ನೆಲ್ಲ ಇತ್ತ ಎಳೆದು ತಾರದಿದ್ದರೆ ತನ್ನ ಹೆಸರೇ ಬೇರೆ ಇಡಿ ಎಂದು ಅಳತೆಯಣ್ಣ ಹಲ್ಲುಜ್ಜುತ್ತಲೇ ಘೋರ ಶಪಥ ಮಾಡಿದ. ಶಪಥದ ಅರ್ಧ ಭಾಗ ನೊರೆಯ ಜೊತೆ ಬಚ್ಚಲಿಗೆ ಹೋಯಿತು. ಉಳಿದರ್ಧ ಹೆಂಡತಿಯ ಕಿವಿಗೆ ಬಿತ್ತು.

ಅವನದು ಪುಟ್ಟ ಚಪ್ಪಲಿ ಅಂಗಡಿ. ನಡೆದು ಹೋಗುವವರ ಪಾದ ನೋಡಿಯೇ ನಂಬರು ಹೇಳಬಲ್ಲ ಮಹಾನುಭಾವನಾದ್ದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಶಾಲೆ ಶುರುವಾಗುವ ಮುಂಚಿನ ಹತ್ತು ದಿನದ ವ್ಯಾಪಾರವೇ ಅವನಿಗೆ ಅರ್ಧ ವರ್ಷದ ಅನ್ನ. ಈ ಸಲ ಎದುರಿನವನು ಪ್ರತಿ ಜೊತೆ ಶೂಗೆ ಕಾಲುಚೀಲ ಪುಕ್ಕಟೆ ಕೊಡತೊಡಗಿದ್ದ. ವ್ಯಾಪಾರ ಕೈಕೊಟ್ಟರೆ ಹೆಂಡತಿಯ ತಮ್ಮನ ಗೋದಾಮಿನಲ್ಲಿ ಕಾವಲುಗಾರನ ಕೆಲಸ ಕಾದಿತ್ತು. ಸಮವಸ್ತ್ರವನ್ನೂ ಸೀಟಿಯನ್ನೂ ತಾನೇ ಕೊಡಿಸುವುದಾಗಿ ಆ ಉದಾರಿ ಹೇಳಿ ಕಳಿಸಿದ್ದ. ಆ ಸೀಟಿ ಆಗಲೇ ಅಳತೆಯಣ್ಣನ ಕನಸಿನಲ್ಲಿ ಊದತೊಡಗಿತ್ತು.

ಬಹಳ ಯೋಚಿಸಿ ಅವನು ಆರುನೂರು ಟ್ಯೂಬು ಅಂಟು ತರಿಸಿ, 'ಪ್ರತಿ ಜೊತೆಗೊಂದು ಅಂಟಿನ ಟ್ಯೂಬು ಪುಕ್ಕಟೆ' ಎಂದು ಅಂಗಡಿಗೆ ಬೋರ್ಡು ಹಾಕಿದ. ಕಾಲುಚೀಲ ತಿಂಗಳೊಪ್ಪತ್ತಿನಲ್ಲಿ ತೂತು ಬೀಳುತ್ತದೆ, ಅಂಟಾದರೋ ಆಪತ್ಕಾಲದ ಬಂಧು ಎಂಬುದು ಅವನ ವಾದ. ಪೆಟ್ಟಿಗೆಗಳು ಮನೆಯ ಮಂಚದಡಿ ತುಂಬಿ, ಹೆಂಡತಿಯ ಹೊಲಿಗೆ ಯಂತ್ರದ ಕಾಲಬುಡಕ್ಕೂ ಬಂದವು. ಅವಳು ಮನೆಯಲ್ಲೇ ಬಟ್ಟೆ ಹೊಲಿದು ಕೊಡುವವಳು.

"ಅಂಗಿ ಹೊಲಿದುಕೊಟ್ಟು ಅದರ ಜೊತೆಗೆ ಸೂಜಿ ದಾರಾನೂ ಕೊಟ್ರೆ, ಗಿರಾಕಿ ನನ್ನ ಹೊಲಿಗೆ ಬಗ್ಗೆ ಏನಂದ್ಕೋತಾರೆ ಹೇಳಿ?" ಎಂದಳು ಯಂತ್ರ ನಿಲ್ಲಿಸದೆ.

"ಎಷ್ಟು ದೊಡ್ಡ ಮನಸ್ಸು ಅಂದ್ಕೋತಾರೆ" ಎಂದ ಅಳತೆಯಣ್ಣ.

ಮೊದಲ ದಿನ ಇಬ್ಬರು ಮಕ್ಕಳ ಜೊತೆ ಬಂದ ಶಾಲಾ ಮಾಸ್ತರು ಎರಡು ಜೊತೆ ಆರಿಸಿ, ದುಡ್ಡು ತೆಗೆಯಲು ಜೇಬಿಗೆ ಕೈಹಾಕಿದ್ದರು. ಅಷ್ಟರಲ್ಲಿ ಅಳತೆಯಣ್ಣ ನಗುನಗುತ್ತ ಎರಡು ಟ್ಯೂಬು ಮುಂದಿಟ್ಟ. ಮಾಸ್ತರ ಕೈ ಜೇಬಿನಲ್ಲೇ ನಿಂತಿತು.

"ಎಷ್ಟು ದಿನಕ್ಕೆ ಕಿತ್ತುಬರುತ್ತೆ ಇದು?"

ಬರುವುದೇ ಇಲ್ಲ ಎಂದು ಆಣೆ ಮಾಡಿದ. ಬಾರದ ರೋಗಕ್ಕೆ ಮದ್ದು ಯಾಕಪ್ಪ ಎಂದು ಕೇಳಿ ಅವರು ಎದುರಿನ ಅಂಗಡಿಗೆ ದಾಟಿದರು. ಮರುದಿನ ಅಳತೆಯಣ್ಣ ಹೊಸ ಬೋರ್ಡು ತೂಗುಹಾಕಿದ: 'ನಮ್ಮ ಚಪ್ಪಲಿ ಖಂಡಿತ ಕಿತ್ತುಹೋಗುವುದಿಲ್ಲ. ಅಂಟು ಸುಮ್ಮನೆ.' ಅಲ್ಲಿಯವರೆಗೆ ಕಿತ್ತುಹೋಗುವ ಯೋಚನೆಯೇ ಇಲ್ಲದಿದ್ದವರಿಗೂ ಈಗ ಆ ಯೋಚನೆ ಹತ್ತಿತು.

ನಾಲ್ಕನೆಯ ದಿನ ಚಪ್ಪಲಿಯ ಮಾತು ಬಿಟ್ಟು ಅಂಟಿನ ಪ್ರತಾಪವನ್ನೇ ತೋರಿಸಿಬಿಡೋಣವೆಂದು ಅವನು ಹೊಸ್ತಿಲ ಮೇಲೆ ನಿಂತ. ಬಾಯಿ ಬಿಟ್ಟ ತನ್ನ ಹಳೆಯ ಚಪ್ಪಲಿಗೆ ಧಾರಾಳವಾಗಿ ಅಂಟು ಸುರಿದು, ಮೆಟ್ಟಿ ಅದುಮಿ, ಬೀದಿಗೆಲ್ಲ ಕೇಳುವಂತೆ ಭಾಷಣ ಮಾಡಿದ. ಭಾಷಣ ಮುಗಿಸಿ ಹೆಜ್ಜೆ ಎತ್ತಿದರೆ ಪಾದ ಮಾತ್ರ ಬಂತು, ಚಪ್ಪಲಿ ಹೊಸ್ತಿಲಿಗೇ ಉಳಿಯಿತು. ಅವನು ಎಳೆದ. ಪಕ್ಕದ ಕ್ಷೌರಿಕ ಎಳೆದ. ದಾರಿಹೋಕರು ಸೊಂಟ ಹಿಡಿದು ಸಾಲಾಗಿ ನಿಂತು ಎಳೆದರು. ಚಪ್ಪಲಿ ಅಲುಗಲಿಲ್ಲ.

ಸಂಜೆಗೆ ಅಂಗಡಿಯ ಮುಂದೆ ಜನವೋ ಜನ. ಅಳತೆಯಣ್ಣನ ಎದೆ ಉಬ್ಬಿತು. ಆದರೆ ಬಂದವರ ಕೈಯಲ್ಲೆಲ್ಲ ಒಂದೊಂದು ಹರಿದ ಚಪ್ಪಲಿ! ಎಲ್ಲರಿಗೂ ಬೇಕಾದದ್ದು ಅಂಟು. ಹೊಸ ಜೊತೆ ಕೊಂಡರೆ ಮಾತ್ರ ಎಂದರೆ, ಹಳೆಯದೇ ಅಂಟಿದ ಮೇಲೆ ಹೊಸದ್ಯಾಕೆ ಎಂದು ಅವರು ಕೇಳಿದರು. ಅಳತೆಯಣ್ಣನ ಕಿವಿಯಲ್ಲಿ ಸೀಟಿ ಕೇಳಿಸತೊಡಗಿತು.

ಗಲಾಟೆ ಕೇಳಿ ಬಂದ ಹೆಂಡತಿ ಒಂದು ಗಳಿಗೆ ನೋಡಿದಳು. ಆಮೇಲೆ ಎರಡು ಬೋರ್ಡನ್ನೂ ಇಳಿಸಿ, ಗೋಡೆಗೆ ಒರಗಿಸಿದ್ದ ಬೆಂಚುಗಳನ್ನು ಒಳಗೆ ಕಪಾಟುಗಳ ಎದುರಿಗೆ ಎಳೆಸಿ, ಹಳೆಯ ಚಪ್ಪಲಿಗೆ ಇಲ್ಲೇ ಪುಕ್ಕಟೆ ಅಂಟು ಹಾಕಿಕೊಡುತ್ತೇವೆ, ಬಿಚ್ಚಿಕೊಟ್ಟು ಕೂತುಕೊಳ್ಳಿ ಎಂದಳು.

ಅಳತೆಯಣ್ಣ ಅವಳನ್ನು ಮೂಲೆಗೆ ಕರೆದು, ಮನೆ ಮುಳುಗಿಸುತ್ತೀಯಾ ಎಂದು ಹಲ್ಲು ಕಡಿದ.

"ಅಂಟು ಒಣಗೋಕೆ ಅರ್ಧ ಗಂಟೆ ಬೇಕು ಕಣ್ರೀ. ಅಲ್ಲೀತನಕ ಬರಿಗಾಲಲ್ಲಿ ಎಲ್ಲಿಗೆ ಹೋಗ್ತಾರೆ?"

ಎಲ್ಲಿಗೂ ಹೋಗಲಿಲ್ಲ. ಬರಿಗಾಲಿನಲ್ಲಿ ಕೂತವರ ಕಣ್ಣಿನೆದುರು ಹೊಸ ಚಪ್ಪಲಿಗಳ ಸಾಲು. ಐದು ನಿಮಿಷ ಮಾತಾಡಿದರು, ಹತ್ತು ನಿಮಿಷ ಆಕಳಿಸಿದರು, ಆಮೇಲೆ ಸುಮ್ಮನೆ ಒಂದನ್ನು ಕಾಲಿಗೆ ಹಾಕಿ ನೋಡಿದರು. ಮಕ್ಕಳಂತೂ ಶೂ ಹಾಕಿಕೊಂಡು ಅಂಗಡಿಯಲ್ಲೇ ಓಡಾಡಿದವು, ಬಿಚ್ಚು ಎಂದರೆ ಅತ್ತವು. ಹಳೆಯದು ಒಣಗುವಷ್ಟರಲ್ಲಿ ಹೊಸದು ಚೀಲ ಸೇರಿರುತ್ತಿತ್ತು. ಮಾಸ್ತರೂ ಮೂರನೆಯ ಮಗುವಿಗೆಂದು ಬಂದು ಕೂತರು. ಎದುರಿನ ಅಂಗಡಿಯಲ್ಲಿ ಕಾಲುಚೀಲಗಳು ಗಾಜಿನ ಹಿಂದೆ ಜೋತುಬಿದ್ದಿದ್ದವು.

ಹತ್ತನೆಯ ದಿನ ಗೋದಾಮಿನ ಭಾವಮೈದುನ ಸಮವಸ್ತ್ರದ ಅಳತೆ ಕೇಳಲು ಬಂದ. ಜನ ನೋಡಿ ಬೆರಗಾಗಿ, ಅಕ್ಕನ ಆಜ್ಞೆಯಂತೆ ತಾನೂ ಶೂ ಬಿಚ್ಚಿಕೊಟ್ಟು ಅರ್ಧ ಗಂಟೆ ಕೂತು, ಎರಡು ಜೊತೆ ಕೊಂಡ. ಅಳತೆಯಣ್ಣ ಗಂಭೀರವಾಗಿ ಗಂಟಲು ಸರಿಮಾಡಿಕೊಂಡ. ತನಗೆ ಆ ಕೆಲಸ ಬೇಡವೆಂದು ಹೇಳುವ ಮಾತುಗಳನ್ನು ಅವನು ಬೆಳಗಿನಿಂದ ಜೋಡಿಸಿಕೊಂಡಿದ್ದ.

ಭಾವಮೈದುನನೇ ಮೊದಲು ಬಾಯಿ ಬಿಟ್ಟ. "ಕಾವಲಿನ ಮಾತು ಬಿಡಿ ಭಾವ. ನನ್ನ ವ್ಯಾಪಾರ ಪೂರ್ತಿ ನೋಡ್ಕೊಳ್ಳೋಕೆ ಒಬ್ಬರು ಬೇಕಿತ್ತು. ಅಕ್ಕನ್ನ ಕಳಿಸ್ತೀರಾ?"

ಅಳತೆಯಣ್ಣ ಜೋಡಿಸಿಟ್ಟ ಮಾತುಗಳನ್ನೆಲ್ಲ ನುಂಗಿಕೊಂಡ. ಗಲ್ಲಾಪೆಟ್ಟಿಗೆಯ ಹಿಂದಿನ ತನ್ನ ಕುರ್ಚಿಯನ್ನು ಹೆಗಲ ವಸ್ತ್ರದಿಂದ ಎರಡೆರಡು ಸಲ ಒರೆಸಿ ಹೆಂಡತಿಯನ್ನು ಕೂರಿಸಿದ. ತಾನು ನೆಲಕ್ಕೆ ಕೂತು, ಮುಂದಿನ ಗಿರಾಕಿಯ ಹರಿದ ಚಪ್ಪಲಿ ಮಡಿಲಿಗೆಳೆದುಕೊಂಡು, ತಲೆ ಎತ್ತದೆ ಹೇಳಿದ:

"ಅವಳಿಗೆ ಪುರುಸೊತ್ತಿಲ್ಲ. ಆ ಸೀಟಿ ನನಗೇ ಕೊಡು, ಇಲ್ಲಿ ಸಾಲು ನಿಲ್ಲಿಸೋಕೆ ಬೇಕು."